ಫೈಲ್ ಹಂಚಿಕೆ ಜಾಲಗಳು: ಸೇವಾ ನಿರಾಕರಣೆ ದಾಳಿ ಮತ್ತು ರಕ್ಷಣೆಯ ಇತಿಹಾಸ

ಹುಸಿ ಕೋರಿಕೆಗಳನ್ನು ಸುರಿದು, ನಿಜವಾದ ಬಳಕೆದಾರರಿಗೆ ಒಂದು ಸೇವೆ ದಕ್ಕದಂತೆ ಮಾಡುವುದೇ ಸೇವಾ ನಿರಾಕರಣೆ ದಾಳಿ. ಬಳಕೆದಾರರ ಕಂಪ್ಯೂಟರ್‌ಗಳೇ ಪರಸ್ಪರ ಫೈಲ್ ಹಂಚಿಕೊಳ್ಳುವ ಜಾಲಗಳಲ್ಲಿ ಇದಕ್ಕೆ ಎರಡು ಮುಖಗಳಿವೆ. ಜಾಲವೇ ದಾಳಿಗೆ ತುತ್ತಾಗಬಹುದು. ಇಲ್ಲವೇ ಜಾಲವನ್ನೇ ಆಯುಧ ಮಾಡಿಕೊಂಡು ಸಂಬಂಧವಿಲ್ಲದ ಮೂರನೆಯವರನ್ನು ಹೊಡೆಯಬಹುದು. ಎರಡಕ್ಕೂ ಬೇರು ಒಂದೇ: ಕೇಳುವವರ ಮಾತನ್ನು ಪರೀಕ್ಷಿಸದೆ ನಂಬಿ, ಅವರು ಪಟ್ಟ ಶ್ರಮಕ್ಕಿಂತ ಎಷ್ಟೋ ಪಾಲು ಹೆಚ್ಚು ಕೆಲಸಕ್ಕೆ ಕೈಹಾಕುವುದು. ಈ ಇತಿಹಾಸದಲ್ಲಿ ಬಾಳಿಕೆ ಬಂದ ರಕ್ಷಣೆಗಳೆಲ್ಲ ಈ ಬೇರಿಗೇ ಕೈಹಾಕಿದವು.

ಮಾದರಿ ಮೊದಲು ಸಿಕ್ಕಿದ್ದು ಫೈಲ್ ಹಂಚಿಕೆಯ ಹೊರಗೆ. 1996ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಪ್ಯಾನಿಕ್ಸ್ ಎಂಬ ಇಂಟರ್ನೆಟ್ ಸಂಸ್ಥೆಯ ಮೇಲೆ ಸುಳ್ಳು ವಿಳಾಸ ಹೊತ್ತ ‘ಸಿನ್’ ಪ್ಯಾಕೆಟ್‌ಗಳ ದಾಳಿ ನಡೆಯಿತು. ಸಂಪರ್ಕ ಕೋರುವ ಒಂದೊಂದು ಪ್ಯಾಕೆಟ್‌ಗೂ ಸರ್ವರ್ ತನ್ನ ಮೆಮೊರಿಯಲ್ಲಿ ಜಾಗ ಕಾದಿರಿಸಿ, ಎಂದೂ ಬಾರದ ಮರುಮಾತಿಗಾಗಿ ಕಾಯುತ್ತ ಕೂರುತ್ತಿತ್ತು. ಅದೇ ವರ್ಷ ಡೇನಿಯಲ್ ಬರ್ನ್‌ಸ್ಟೈನ್ ಮುಂದಿಟ್ಟ ಸಿನ್ ಕುಕಿ ತಂತ್ರದಲ್ಲಿ ಸರ್ವರ್ ಏನನ್ನೂ ನೆನಪಿಡುವುದಿಲ್ಲ. ಗುಟ್ಟಾಗಿ ಲೆಕ್ಕಹಾಕಿದ ಸಂಖ್ಯೆಯೊಂದನ್ನು ಆ ವಿಳಾಸಕ್ಕೆ ಕಳಿಸುತ್ತದೆ. ಅದಕ್ಕೆ ತಕ್ಕ ಉತ್ತರ ಬಂದರಷ್ಟೇ ಸಂಪರ್ಕ ತೆರೆಯುತ್ತದೆ. ಫೈಲ್ ಹಂಚಿಕೆಯ ಜಾಲ ಕಟ್ಟಿದವರು ಈ ಉಪಾಯವನ್ನು ಮತ್ತೆ ಮತ್ತೆ, ಕೆಲವೊಮ್ಮೆ ಪೆಟ್ಟು ತಿಂದ ಮೇಲೆಯೇ, ಹೊಸದಾಗಿ ಕಂಡುಕೊಂಡರು.

1999ರ ನ್ಯಾಪ್‌ಸ್ಟರ್ ಜಾಲಕ್ಕೆ, ಯಾರ ಬಳಿ ಯಾವ ಫೈಲ್ ಇದೆ ಎಂದು ತಿಳಿಸುವ ಒಂದೇ ಕೇಂದ್ರ ಸೂಚಿ ಇತ್ತು. ನ್ಯಾಯಾಲಯದ ಆದೇಶದಿಂದ 2001ರಲ್ಲಿ ಅದು ನಿಂತಾಗ ಜಾಲವೂ ನಿಂತಿತು. 2000ರ ಮಾರ್ಚ್‌ನಲ್ಲಿ ಹೊರಬಂದ ನುಟೆಲ್ಲಾದಲ್ಲಿ ಕೇಂದ್ರವೇ ಇಲ್ಲ. ಒಬ್ಬರ ಹುಡುಕಾಟ ನೆರೆಯ ಕಂಪ್ಯೂಟರ್‌ಗಳಿಗೆಲ್ಲ ಹೋಗಿ, ಅಲ್ಲಿಂದ ಅವುಗಳ ನೆರೆಗೆ, ಹೀಗೆ ಸಾಮಾನ್ಯವಾಗಿ ಏಳು ಹಂತ ಹಬ್ಬುತ್ತಿತ್ತು. ಯಾರೂ ದಾಳಿ ಮಾಡದಿದ್ದರೂ ಮೋಡೆಮ್ ಬಳಸುತ್ತಿದ್ದವರು ಆ ದಟ್ಟಣೆಯಲ್ಲಿ ಉಸಿರುಕಟ್ಟುತ್ತಿದ್ದರು, ಇನ್ನು ದಾಳಿಕೋರ ಬಂದರೆ ಕೇಳಬೇಕೆ! ಸ್ಟ್ಯಾನ್‌ಫರ್ಡ್‌ನ ನೀಲ್ ದಾಸ್ವಾನಿ ಮತ್ತು ಹೆಕ್ಟರ್ ಗಾರ್ಸಿಯಾ-ಮೋಲಿನಾ 2002ರಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡು, ಒಂದೊಂದು ನೆರೆಯಿಂದ ಬರುವ ಹುಡುಕಾಟಗಳಿಗೆ ಇಂತಿಷ್ಟೇ ಪಾಲು ಎಂದು ಗೊತ್ತುಪಡಿಸಿದರೆ ಹಾನಿ ತಗ್ಗುತ್ತದೆ ಎಂದು ತೋರಿಸಿದರು.

ಸರ್ವರನ್ನು ಮುಟ್ಟದೆಯೂ ಸೇವೆ ಕೆಡಿಸಬಹುದು. ಕಜಾ ಜಾಲದಲ್ಲಿ ಜನಪ್ರಿಯ ಹಾಡುಗಳ ಹೆಸರಿನಲ್ಲಿ ಗೊಜಲು ಸದ್ದಿನ ಫೈಲ್‌ಗಳು ತುಂಬಿಕೊಂಡವು. ಕೆಲವು ಹಾಡುಗಳ ಪ್ರತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಟ್ಟವೇ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿತು. ಕಾರಣ ತಾಂತ್ರಿಕವಾದದ್ದು. ಕಜಾ ಬೇಗ ಮುಗಿಯಲೆಂದು ಫೈಲಿನ ಕೆಲವು ಭಾಗಗಳನ್ನಷ್ಟೇ ಲೆಕ್ಕಕ್ಕೆ ಹಿಡಿದು ಅದರ ಗುರುತು ತಯಾರಿಸುತ್ತಿತ್ತು. ಉಳಿದ ಭಾಗ ಹಾಳಾದರೂ ಗುರುತು ಬದಲಾಗುತ್ತಿರಲಿಲ್ಲ. ಬ್ರಾಮ್ ಕೊಹೆನ್ 2001ರಲ್ಲಿ ಬಿಡುಗಡೆ ಮಾಡಿದ ಬಿಟ್‌ಟೊರೆಂಟ್‌ನಲ್ಲಾದರೋ ಫೈಲಿನ ಪ್ರತಿ ತುಂಡಿಗೂ 20 ಬೈಟ್‌ಗಳ ಗುರುತು ಟೊರೆಂಟ್ ಎಂಬ ವಿವರದ ಫೈಲಿನಲ್ಲೇ ಬರೆದಿರುತ್ತದೆ. ತಾಳೆಯಾಗದ ತುಂಡನ್ನು ಎಸೆದು ಬೇರೆಯವರಿಂದ ತರಿಸಿಕೊಂಡರಾಯಿತು.

ಜಾಲವೇ ಆಯುಧವಾದ ಕಥೆ ಇನ್ನೂ ಗಂಭೀರ. 2007ರ ಸುಮಾರಿಗೆ ಡೈರೆಕ್ಟ್ ಕನೆಕ್ಟ್ ಎಂಬ ಜಾಲದ ಹಬ್‌ಗಳು, ಅಂದರೆ ಬಳಕೆದಾರರನ್ನು ಬೆಸೆಯುವ ಸರ್ವರ್‌ಗಳು, ಈ ಕಾರಣಕ್ಕೆ ಸುದ್ದಿಯಾದವು: ‘ಇಂಥವರಿಗೆ ಸಂಪರ್ಕ ಮಾಡು’ ಎಂಬ ಸಂದೇಶದಲ್ಲಿ ಯಾವುದೋ ವೆಬ್‌ಸೈಟಿನ ವಿಳಾಸ ತುರುಕಿದರೆ ಸಾಕು, ಬಳಕೆದಾರರ ಕಂಪ್ಯೂಟರ್‌ಗಳು ಒಟ್ಟಾಗಿ ಅದರ ಮೇಲೆ ಮುಗಿಬೀಳುತ್ತಿದ್ದವು. ಇದೇ ಅಪಾಯಕ್ಕೆ, ಬಳಕೆದಾರರ ಕಂಪ್ಯೂಟರ್‌ಗಳೇ ಹಂಚಿಕೊಂಡು ಇಟ್ಟುಕೊಳ್ಳುವ ಬಿಟ್‌ಟೊರೆಂಟ್‌ನ ಸೂಚಿಯಲ್ಲಿ ಕಾವಲಿದೆ. ಫೈಲ್ ತನ್ನ ಬಳಿ ಇದೆ ಎಂದು ಸಾರುವ ಮೊದಲು ಕಂಪ್ಯೂಟರ್, ಸೂಚಿ ಇಟ್ಟುಕೊಂಡವರಿಂದ ಒಂದು ಟೋಕನ್ ಪಡೆದಿರಬೇಕು. ಕೋರಿದ ಕಂಪ್ಯೂಟರಿನ ಐಪಿ ವಿಳಾಸಕ್ಕೆ, ಐದು ನಿಮಿಷಕ್ಕೊಮ್ಮೆ ಬದಲಾಗುವ ಒಂದು ಗುಟ್ಟನ್ನು ಬೆರೆಸಿ ಟೋಕನ್ ತಯಾರಾಗುತ್ತದೆ. ಹತ್ತು ನಿಮಿಷ ಮೀರಿದರೆ ಅದು ಸಲ್ಲದು. ಹಾಗಾಗಿ ಬೇರೊಬ್ಬರ ವಿಳಾಸವನ್ನು ಪಟ್ಟಿಗೆ ಸೇರಿಸಲು ಬರುವುದಿಲ್ಲ. ಆದರೆ ಅದೇ ಬಿಟ್‌ಟೊರೆಂಟ್‌ನ ಯುಟಿಪಿ ಸಂಪರ್ಕ ವಿಧಾನದಲ್ಲಿ ಈ ಎಚ್ಚರ ತಪ್ಪಿತ್ತು. ಸುಳ್ಳು ವಿಳಾಸದಿಂದ ಸಣ್ಣ ಕೋರಿಕೆ ಕಳಿಸಿ, ಗುರಿಯಾದವರ ಮೇಲೆ ಅದರ 50 ಪಟ್ಟಿನವರೆಗೂ ಉತ್ತರ ಸುರಿಸಬಹುದೆಂದು ಫ್ಲೋರಿಯಾನ್ ಆಡಮ್ಸ್ಕಿ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ಕೋರಿದವರು ಮರಳಿಸುವ ಸಂಖ್ಯೆ ತಾಳೆಯಾಗಲೇಬೇಕು ಎಂಬ ನಿಯಮ ಸೇರಿಸಿ ಅದನ್ನು ಸರಿಪಡಿಸಲಾಯಿತು. ಸಿನ್ ಕುಕಿ ಬಂದು ಆಗಲೇ 19 ವರ್ಷಗಳಾಗಿದ್ದವು.

ಕಳ್ಳಪ್ರತಿ ಹಂಚುವ ಜಾಲ ಕುಸಿದರೆ ಕುಸಿಯಲಿ ಎಂಬ ವಾದವೂ ಉಂಟು. ಹಕ್ಕುದಾರರೇ ಇಂಥ ಜಾಲಗಳಿಗೆ ಅಡ್ಡಿಮಾಡಲು ಅನುಮತಿಸುವ ಮಸೂದೆಯೊಂದು 2002ರಲ್ಲಿ ಅಮೆರಿಕದ ಕಾಂಗ್ರೆಸ್‌ನಲ್ಲಿ ಮಂಡನೆಯಾಗಿತ್ತು, ಕಾಯ್ದೆಯಾಗಲಿಲ್ಲ. ವಾದ ಎಲ್ಲಿ ಮುರಿಯುತ್ತದೆಂಬುದು 2008ರ ಮೇ ತಿಂಗಳಲ್ಲಿ ಕಂಡಿತು. ತನ್ನದೇ ಕಾರ್ಯಕ್ರಮಗಳನ್ನು ಟೊರೆಂಟ್ ಮೂಲಕ ಹಂಚುತ್ತಿದ್ದ ರಿವಿಷನ್3 ಸಂಸ್ಥೆಯ ಟ್ರ್ಯಾಕರ್‌ಗೆ (ಫೈಲ್ ಯಾರ ಬಳಿ ಇದೆ ಎಂದು ತಿಳಿಸುವ ಸರ್ವರ್‌ಗೆ) ಸೆಕೆಂಡಿಗೆ 8,000ದಷ್ಟು ಸಿನ್ ಪ್ಯಾಕೆಟ್‌ಗಳು ಬಂದು ಬಡಿದವು. ಕಳಿಸುತ್ತಿದ್ದುದು ಕಳ್ಳಪ್ರತಿ ತಡೆಯುವ ಮೀಡಿಯಾಡಿಫೆಂಡರ್ ಕಂಪನಿಯ ಸರ್ವರ್‌ಗಳು ಎಂದು ರಿವಿಷನ್3 ಮುಖ್ಯಸ್ಥರು ಬಹಿರಂಗಪಡಿಸಿದರು. 2010ರಲ್ಲಿ ಬೆಂಗಳೂರಿನ ಏಪ್ಲೆಕ್ಸ್ ಸಾಫ್ಟ್‌ವೇರ್, ನೋಟಿಸಿಗೆ ಜಗ್ಗದ ಟೊರೆಂಟ್ ತಾಣಗಳನ್ನು ಹೀಗೆ ಕೆಡವುತ್ತದೆ ಎಂದು ವರದಿಯಾದದ್ದೇ ತಡ, ಅನಾನಿಮಸ್ ಎಂಬ ಹ್ಯಾಕರ್‌ಗಳ ಗುಂಪು ‘ಆಪರೇಷನ್ ಪೇಬ್ಯಾಕ್’ ಎಂಬ ಪ್ರತಿದಾಳಿ ಹೂಡಿತು; ಆ ಕಂಪನಿಯ ತಾಣದ ಜೊತೆಗೆ ಹಾಲಿವುಡ್ ಸಂಘಟನೆಯ ತಾಣವೂ ಉರುಳಿತು. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನಲ್ಲಿ, ಅಧಿಕಾರವುಳ್ಳವರಿಗೆ ಪ್ರವೇಶ ತಪ್ಪಿಸುವುದೂ ಪರಿಹಾರ ತೆರಬೇಕಾದ ತಪ್ಪು. ಒಳ್ಳೆಯ ಉದ್ದೇಶವಿತ್ತು ಎಂಬ ವಿನಾಯಿತಿ ಅಲ್ಲಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಸೋಂಕು ತಗಲಿದ ಸಾವಿರಾರು ಕಂಪ್ಯೂಟರ್‌ಗಳು ತಮ್ಮ ನಿಜವಾದ ವಿಳಾಸದಿಂದಲೇ ಕೋರಿಕೆ ಕಳಿಸಿದರೆ ಟೋಕನ್, ಕುಕಿ ಯಾವುದೂ ತಡೆಯಲಾರವು. ಆಗ ಬ್ಯಾಂಡ್‌ವಿಡ್ತ್ ಮತ್ತು ದಟ್ಟಣೆಯನ್ನು ಸೋಸುವ ವ್ಯವಸ್ಥೆಯೇ ಗತಿ. ನಿಜ, ಆದರೆ ಅಂಥ ದಾಳಿಯಲ್ಲಿ ಮೂಲದ ಜಾಡು ಸಿಗುತ್ತದೆ, ಒಂದಕ್ಕೆ ಐವತ್ತಾಗುವ ಲಾಭವೂ ದಾಳಿಕೋರನಿಗೆ ತಪ್ಪುತ್ತದೆ. ಇನ್ನು ಸುಳ್ಳು ವಿಳಾಸದ ದಾಳಿಯ ಮಾತಿಗೆ ಮರಳಿದರೆ, ಅಂಥ ಪ್ಯಾಕೆಟ್ ಹೊರಹೋಗದಂತೆ ಇಂಟರ್ನೆಟ್ ಸಂಸ್ಥೆಗಳೇ ತಮ್ಮ ಅಂಚಿನಲ್ಲಿ ತಡೆಯಬೇಕೆಂಬ ಬಿಸಿಪಿ 38 ಶಿಫಾರಸು 2000ದ ಮೇ ತಿಂಗಳಿನದು. ಖರ್ಚು ತಡೆಯುವ ಸಂಸ್ಥೆಯದ್ದು, ಉಳಿಯುವುದು ಬೇರೆ ಯಾರದೋ ಸರ್ವರ್; ಆದ್ದರಿಂದ ಎಷ್ಟೋ ಸಂಸ್ಥೆಗಳು ಅದನ್ನು ಜಾರಿಮಾಡದೆ ಉಳಿದವು, ಆ ಕೆಲಸ ಫೈಲ್ ಹಂಚುವ ತಂತ್ರಾಂಶಗಳ ಪಾಲಿಗೆ ಬಂತು.