ಇನ್ನೊಬ್ಬರ ಬಾಯಿಗೆ ಕೈ ಹಾಕುವ ಹಕ್ಕು

ಸವಣೂರಿನ ಎಲೆ ಎಂದರೆ ಧಾರವಾಡ ಸೀಮೆಯಲ್ಲೆಲ್ಲ ಹೆಸರು. ಆ ತಾಲ್ಲೂಕಿಗೆ ಸೇರಿದ ಹತ್ತಿಮತ್ತೂರಿನಂಥ ಊರುಗಳಲ್ಲಿ ಎಲಿ-ಅಡಿಕಿ ಬರೀ ಚಟವಲ್ಲ, ಬಂದವರಿಗೆ ತೋರುವ ಮರ್ಯಾದೆ. ಆದರೆ ಅಡಿಕೆ, ಸುಣ್ಣ ಮತ್ತು ಅವುಗಳ ಬೆನ್ನು ಹತ್ತಿ ಬಂದ ತಂಬಾಕು ಹಲ್ಲಿನ ಮೇಲೆ ತಮ್ಮ ಗುರುತು ಬಿಡದೆ ಹೋಗುವುದಿಲ್ಲ. ಮೊದಲು ಕೆಂಪು, ಆಮೇಲೆ ಕಪ್ಪು. ಹಲ್ಲಿನ ಬುಡದಲ್ಲಿ ಕೂರುವ ಪಾಚಿಗೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಗ ಬೇವಿನ ಕಡ್ಡಿಯಾಗಲಿ ಬ್ರಷ್ಷಾಗಲಿ ಅದನ್ನು ಕದಲಿಸಲಾರದು. ಯಾರಾದರೂ ಲೋಹದ ಸಲಕರಣೆ ಹಿಡಿದು ಕೆರೆದು ತೆಗೆಯಬೇಕು.

ಆ ‘ಯಾರಾದರೂ’ ಯಾರು? ಇನ್ನೊಬ್ಬರ ಬಾಯಿಗೆ ಕಬ್ಬಿಣ ಇಡುವ ಅಧಿಕಾರ ಅವನಿಗೆ ಎಲ್ಲಿಂದ ಬಂತು? ತಪ್ಪಾದರೆ ಹೊಣೆ ಯಾರದು? ಕೇಳಲು ಸಣ್ಣದೆನಿಸುವ ಈ ಪ್ರಶ್ನೆಗೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ.

ಸುಶ್ರುತ ಸಂಹಿತೆ ಹೆಸರಿಸುವ ಶಸ್ತ್ರಗಳಲ್ಲಿ ‘ದಂತಶಂಕು’ ಒಂದು. ಹಲ್ಲಿಗೆ ಕಟ್ಟಿದ ಕಿಟ್ಟವನ್ನು ಕೆರೆದು ತೆಗೆಯಲೆಂದೇ ಇದ್ದ ಸಾಧನ ಅದು. ಅದೇ ಗ್ರಂಥ ವೈದ್ಯನಾಗುವವನು ಶಾಸ್ತ್ರವನ್ನು ಓದಿರಬೇಕು, ಕೆಲಸವನ್ನು ಕಣ್ಣಾರೆ ಕಂಡು ಕೈಯಾರೆ ಮಾಡಿ ಪಳಗಿರಬೇಕು, ಅಷ್ಟಾದ ಮೇಲೂ ರಾಜನ ಅನುಮತಿ ಪಡೆದೇ ವೃತ್ತಿಗೆ ಇಳಿಯಬೇಕು ಎಂದು ವಿಧಿಸುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವಂತೂ ಪ್ರಾಣಾಪಾಯದ ಚಿಕಿತ್ಸೆಯನ್ನು ಮೊದಲೇ ತಿಳಿಸದೆ ಕೈಗೊಂಡು ರೋಗಿ ಸತ್ತರೆ ವೈದ್ಯನಿಗೆ ದಂಡ ಹೇಳುತ್ತದೆ. ಚಿಕಿತ್ಸೆಯ ದೋಷದಿಂದಲೇ ಸತ್ತರೆ ದಂಡ ಇನ್ನೂ ಹೆಚ್ಚು. ಕಲಿಕೆ, ಅನುಮತಿ, ಮುನ್ನೆಚ್ಚರಿಕೆ: ಇಂದಿನ ವೈದ್ಯಕೀಯ ಕಾನೂನು ನಿಂತಿರುವುದೂ ಈ ಮೂರು ಕಂಬಗಳ ಮೇಲೆಯೇ.

ಗ್ರಂಥದ ಮಾತು ಹಾಗಿದ್ದರೂ ಹಳ್ಳಿಯ ವ್ಯವಹಾರ ಬೇರೆಯೇ ಆಗಿತ್ತು. ಜಾತ್ರೆ, ಸಂತೆಗಳಲ್ಲಿ ಚಾಪೆ ಹಾಸಿ, ಕಿತ್ತ ಹಲ್ಲುಗಳನ್ನು ರಾಶಿ ಹಾಕಿಕೊಂಡು ಕೂರುವ ಹಲ್ಲು ಕೀಳುವವನನ್ನು ನೋಡದ ಹಿರಿಯರು ಕಡಿಮೆ. ಆ ರಾಶಿಯೇ ಅವನ ಪ್ರಮಾಣಪತ್ರ. ಇವರಲ್ಲಿ ಕೈಚಳಕ ಇದ್ದವರು ಇರಲಿಲ್ಲವೆಂದಲ್ಲ. ಆದರೆ ಸಂತೆ ಮುಗಿದ ಮೇಲೆ ದವಡೆ ಬಾತರೆ ಅವನನ್ನು ಎಲ್ಲಿ ಹುಡುಕುವುದು? ಊರಿನವನೇ ಆದ ನಾಟಿ ವೈದ್ಯನಿಗೆ ಊರಿನ ಬಾಯಿಯ ಭಯವಾದರೂ ಇತ್ತು. ಸಂಚಾರಿಗೆ ಅದೂ ಇರಲಿಲ್ಲ.

ಪಶ್ಚಿಮದ ದೇಶಗಳಲ್ಲೂ ಸ್ಥಿತಿ ಹೆಚ್ಚು ಭಿನ್ನವಾಗಿರಲಿಲ್ಲ. ಬ್ರಿಟನ್ 1878ರಲ್ಲಿ ದಂತವೈದ್ಯರ ಕಾಯ್ದೆ ತಂದಾಗ ‘ದಂತವೈದ್ಯ’ ಎಂಬ ಹೆಸರಿಗೆ ಮಾತ್ರ ಬೇಲಿ ಹಾಕಿತು. ಹೆಸರು ಹೇಳಿಕೊಳ್ಳದೆ ಕೆಲಸ ಮಾಡುವವರನ್ನು ತಡೆಯಲು 1921ರವರೆಗೆ ಕಾಯಬೇಕಾಯಿತು. ಆ ವೇಳೆಗೆ ಅಮೆರಿಕದಲ್ಲಿ ಹೊಸದೊಂದು ಉದ್ಯೋಗವೇ ಹುಟ್ಟಿತ್ತು. ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್ ಊರಿನ ದಂತವೈದ್ಯ ಆಲ್ಫ್ರೆಡ್ ಫೋನ್ಸ್, ಹಲ್ಲು ಹಾಳಾದ ಮೇಲೆ ಕೀಳುವುದಕ್ಕಿಂತ ಹಾಳಾಗದಂತೆ ಶುಚಿಯಾಗಿಡುವುದು ಮೇಲೆಂದು ನಂಬಿದವರು. ತಮ್ಮ ಸಹಾಯಕಿ ಐರೀನ್ ನ್ಯೂಮನ್‌ಗೆ 1906ರಲ್ಲಿ ಹಲ್ಲು ಶುಚಿಗೊಳಿಸುವ ಕೆಲಸ ಕಲಿಸಿದರು. 1913ರಲ್ಲಿ ಅದಕ್ಕೊಂದು ಶಾಲೆಯನ್ನೇ ತೆರೆದರು. ಅಲ್ಲಿ ಕಲಿತ ಮಹಿಳೆಯರು ಊರಿನ ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲು ತೊಳೆದರು, ತೊಳೆಯುವುದನ್ನು ಕಲಿಸಿದರು. ‘ಡೆಂಟಲ್ ಹೈಜೀನಿಸ್ಟ್’ ಎಂಬ ಹೆಸರಿನ ಮೂಲ ಇದು. 1917ರಲ್ಲಿ ನ್ಯೂಮನ್ ಅವರಿಗೆ ಸರ್ಕಾರದ ಪರವಾನಗಿಯೂ ದೊರೆಯಿತು. ಶುಚಿಗೊಳಿಸುವ ಕೆಲಸಕ್ಕೂ ಪರವಾನಗಿ ಬೇಕು ಎಂಬ ತತ್ವ ಅಲ್ಲಿಗೆ ನೆಲೆನಿಂತಿತು.

ನಮ್ಮಲ್ಲಿ ಡಾ. ರಫೀಉದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜು ಆರಂಭಿಸಿದರು. 1939ರಲ್ಲಿ ಬಂಗಾಳಕ್ಕೊಂದು ಕಾಯ್ದೆ ಬಂತು. ಇಡೀ ದೇಶಕ್ಕೆ ಅನ್ವಯಿಸಲೆಂದು ದಂತವೈದ್ಯರ ಕಾಯ್ದೆ ಬಂದದ್ದು 1948ರ ಮಾರ್ಚ್‌ನಲ್ಲಿ. ಆಗ ಹತ್ತಿಮತ್ತೂರು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ನೆರೆಯ ನವಾಬರ ಸವಣೂರು ಸಂಸ್ಥಾನವೂ ಅದೇ ವರ್ಷ ಮುಂಬಯಿಯಲ್ಲಿ ವಿಲೀನವಾಯಿತು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ, 1997ರಲ್ಲಿ ಹೊಸ ಹಾವೇರಿ ಜಿಲ್ಲೆಗೆ ಸೇರಿತು. ಸರ್ಕಾರಗಳು ಬದಲಾದರೂ ಈ ಕಾಯ್ದೆ ಮಾತ್ರ ಅದೇ ಉಳಿಯಿತು.

ಕಾಯ್ದೆ ಮೂರು ಬಗೆಯ ಜನರನ್ನು ಗುರುತಿಸಿತು: ದಂತವೈದ್ಯ, ಹಲ್ಲಿನ ಸೆಟ್ ಮಾಡುವ ಡೆಂಟಲ್ ಮೆಕ್ಯಾನಿಕ್ ಮತ್ತು ಹೈಜೀನಿಸ್ಟ್. ಹಲ್ಲಿನ ಪಾಚಿ ಕೆರೆಯುವವರು, ಶುಚಿಗೊಳಿಸುವವರು, ಹೊಳಪು ಕೊಡುವವರು ಅಥವಾ ಹಲ್ಲಿನ ಶುಚಿತ್ವದ ಬಗ್ಗೆ ತಿಳಿವಳಿಕೆ ನೀಡುವವರು ಹೈಜೀನಿಸ್ಟರು ಎಂಬುದು ಅದರ ವ್ಯಾಖ್ಯೆ. ದಂತವೈದ್ಯರ ನೋಂದಣಿ ಪುಸ್ತಕದಲ್ಲಿ ಎರಡು ಭಾಗಗಳಿದ್ದವು. ‘ಎ’ ಭಾಗ ಪದವಿ ಪಡೆದವರಿಗೆ. ‘ಬಿ’ ಭಾಗ ಪದವಿ ಇಲ್ಲದಿದ್ದರೂ ಕನಿಷ್ಠ 5 ವರ್ಷ ಅದನ್ನೇ ಮುಖ್ಯ ಜೀವನೋಪಾಯ ಮಾಡಿಕೊಂಡಿದ್ದವರಿಗೆ. ಹಳಬರ ಅನ್ನ ಕೀಳಬಾರದು, ಹೊಸಬರು ಓದದೆ ಬರಬಾರದು ಎಂಬ ಲೆಕ್ಕ ಅದು. ಅಪ್ಪನ ಪಕ್ಕದಲ್ಲಿ ನಿಂತು ಕೆಲಸ ಕಲಿತ ಮಗನಿಗೆ ಮಾತ್ರ ಆ ಬಾಗಿಲು ಮುಚ್ಚಿತು. ಹುಣಸೂರಿರಲಿ ಹುಬ್ಬಳ್ಳಿಯಿರಲಿ, ಅಪ್ಪನ ಬೋರ್ಡಿನ ಕೆಳಗೆ ಕೂತ ಮಾತ್ರಕ್ಕೆ ಮಗ ವೈದ್ಯನಾಗಲಾರ.

ನೋಂದಣಿ ಇಲ್ಲದವರು ಹಲ್ಲಿನ ಚಿಕಿತ್ಸೆ ಮಾಡುವುದನ್ನಷ್ಟೇ ಅಲ್ಲ, ಹಲ್ಲು ಕೆರೆದು ಶುಚಿಗೊಳಿಸುವುದನ್ನೂ ಕಾಯ್ದೆಯ 49ನೇ ಕಲಂ ನಿಷೇಧಿಸಿತು. ಆದರೆ ಹಳ್ಳಿಗಳನ್ನು ನೆನೆದೋ ಏನೋ ಒಂದು ಕಿಟಕಿ ತೆರೆದಿಟ್ಟಿತು. ತುರ್ತು ಸಂದರ್ಭವಿದ್ದು, ನೋಂದಾಯಿತ ದಂತವೈದ್ಯರು ಸಿಗದಿದ್ದರೆ ಯಾರು ಬೇಕಾದರೂ ಹಲ್ಲು ಕೀಳಬಹುದು; ಅರಿವಳಿಕೆ ಮದ್ದು ಮಾತ್ರ ಬಳಸಕೂಡದು. ಈ ಷರತ್ತು ಕ್ರೂರವೆನಿಸಬಹುದು, ಆದರೆ ಅದರ ಹಿಂದೆ ವಿವೇಕವಿದೆ. ತಿಳಿಯದವರ ಕೈಯ ಸೂಜಿ ಇಕ್ಕಳಕ್ಕಿಂತ ಅಪಾಯಕಾರಿ. ಅಲ್ಲದೆ, ಅರಿವಳಿಕೆ ಇಲ್ಲದೆ ಹಲ್ಲು ಕೀಳಿಸಿಕೊಳ್ಳಲು ಒಪ್ಪುವವನಿಗೆ ನಿಜವಾಗಿಯೂ ತುರ್ತೇ ಇರಬೇಕು!

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಈ ಕಿಟಕಿ ಹಲ್ಲು ಕೀಳುವುದಕ್ಕೆ ಮಾತ್ರ ತೆರೆದಿತ್ತು, ಶುಚಿಗೊಳಿಸುವುದಕ್ಕಲ್ಲ. ಹಲ್ಲುನೋವು ನಡುರಾತ್ರಿ ಬರುತ್ತದೆ. ಪಾಚಿ ಹತ್ತು ವರ್ಷ ಸದ್ದಿಲ್ಲದೆ ಬೆಳೆಯುತ್ತದೆ. ಶುಚಿತ್ವ ಎಂದೂ ತುರ್ತಲ್ಲ. ಸಾರ್ವಜನಿಕ ಹಣದಿಂದ ನಡೆಯುವ ಆಸ್ಪತ್ರೆಗಳಿಗೆ ಕಾಯ್ದೆ ವಿನಾಯಿತಿ ಕೊಟ್ಟಿತ್ತು ನಿಜ. ಆದರೆ ದಂತವೈದ್ಯರ ಹುದ್ದೆ ಸಾಮಾನ್ಯವಾಗಿ ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಿರುತ್ತದೆಯೇ ಹೊರತು ಹಳ್ಳಿಯಲ್ಲಲ್ಲ. ಹೀಗಾಗಿ ಹಳ್ಳಿಯವನಿಗೆ ಹಲ್ಲು ಕಳೆದುಕೊಳ್ಳುವ ದಾರಿ ಕಾನೂನಿನಲ್ಲಿ ಸುಲಭವಾಗಿತ್ತು, ಉಳಿಸಿಕೊಳ್ಳುವ ದಾರಿ ದೂರವಾಗಿತ್ತು. ಆ ದೂರವನ್ನು ತುಂಬಬೇಕಾಗಿದ್ದ ಹೈಜೀನಿಸ್ಟ್ ವರ್ಗ ಕಾಯ್ದೆಯಲ್ಲಿ ಹೆಸರು ಪಡೆದರೂ ನಮ್ಮಲ್ಲಿ ದೊಡ್ಡದಾಗಿ ಬೆಳೆಯಲೇ ಇಲ್ಲ.

ಕಾಯ್ದೆ ಯಾರು ಮಾಡಬಹುದೆಂದು ಹೇಳಿದರೆ, ಹೇಗೆ ಮಾಡಬೇಕೆಂದು ಹೇಳುವುದು ನೀತಿ. 1976ರಲ್ಲಿ ದಂತವೈದ್ಯರ ನೀತಿ ಸಂಹಿತೆ ಬಂತು, 2014ರಲ್ಲಿ ಪರಿಷ್ಕೃತವಾಯಿತು. ನೋಂದಣಿ ಇಲ್ಲದ ಸಹಾಯಕನಿಂದ ಚಿಕಿತ್ಸೆ ಮಾಡಿಸುವುದು ತಪ್ಪು ಎಂದು 1976ರ ಸಂಹಿತೆ ಸಾರಿತು. ‘ನೋವಿಲ್ಲದೆ ಹಲ್ಲು ಕೀಳುತ್ತೇವೆ’ ಎಂಬಂಥ ಬೋರ್ಡು, ಮಿನುಗುವ ದೀಪ ಕೂಡ ಅದರ ಪ್ರಕಾರ ಅನೀತಿ. 1995ರಲ್ಲಿ ಸುಪ್ರೀಂ ಕೋರ್ಟ್ ಹಣ ಪಡೆದು ನೀಡುವ ವೈದ್ಯಕೀಯ ಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ತಂದಿತು. 2008ರ ಇನ್ನೊಂದು ತೀರ್ಪಿನಲ್ಲಿ, ಒಂದು ಕೆಲಸಕ್ಕೆ ಪಡೆದ ಒಪ್ಪಿಗೆಯನ್ನು ಇನ್ನೊಂದಕ್ಕೆ ಬಳಸಿಕೊಳ್ಳುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಹಲ್ಲು ಶುಚಿಮಾಡಿಸಲು ಕುರ್ಚಿಯಲ್ಲಿ ಕೂತವನ ಹಲ್ಲನ್ನು ಅವನನ್ನು ಕೇಳದೆ ಕೀಳುವಂತಿಲ್ಲ ಎಂದೇ ಇದರ ಅರ್ಥ.

ಒಪ್ಪಿಗೆ ಎಂದರೆ ಕಾಗದದ ಮೇಲಿನ ಹೆಬ್ಬೆಟ್ಟಲ್ಲ. ಹಲ್ಲು ಕೆರೆಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಿಜದಲ್ಲಿ ಪಾಚಿ ಒಸಡನ್ನು ತಿಂದು ಹಲ್ಲನ್ನು ಮೊದಲೇ ಸಡಿಲಿಸಿರುತ್ತದೆ. ಹಲ್ಲುಗಳ ನಡುವೆ ಗಾರೆಯಂತೆ ತುಂಬಿದ್ದುದು ಹೋದಾಗ ಸಂದು ಕಾಣುತ್ತದೆ, ಅಲುಗಾಟ ತಿಳಿಯುತ್ತದೆ. ಇದನ್ನು ಕೆರೆಯುವ ಮೊದಲೇ ಹೇಳಿದರೆ ಅದು ತಿಳಿವಳಿಕೆ. ಆಮೇಲೆ ಹೇಳಿದರೆ ಸಬೂಬು. ಹಾಗೆಯೇ ಒಬ್ಬರ ಬಾಯಿಗೆ ಇಟ್ಟ ಸಲಕರಣೆಯನ್ನು ಸರಿಯಾಗಿ ಕ್ರಿಮಿಶುದ್ಧಿ ಮಾಡದೆ ಇನ್ನೊಬ್ಬರ ಬಾಯಿಗೆ ಇಟ್ಟರೆ ಹೆಪಟೈಟಿಸ್ ‘ಬಿ’ಯಂಥ ಕಾಯಿಲೆ ದಾಟಬಹುದು. ರೋಗಿಗೆ ಅದು ಕಾಣಿಸುವುದಿಲ್ಲ. ಕಾಣದ ಕಡೆಯೇ ನೀತಿಯ ಪರೀಕ್ಷೆ.

ಇನ್ನೂ ಕಠಿಣವಾದ ಪ್ರಶ್ನೆಯೊಂದಿದೆ. ಎಲೆ-ತಂಬಾಕು ಜಗಿಯುವವರ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಾಣಿಸಿಕೊಂಡರೆ ಅದು ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು. ಹಲ್ಲು ಶುಚಿಗೊಳಿಸುತ್ತಿರುವ ಹೈಜೀನಿಸ್ಟ್ ಕಣ್ಣಿಗೆ ಅದು ಬಿದ್ದರೆ? ರೋಗ ಇಂಥದೇ ಎಂದು ನಿರ್ಣಯಿಸುವುದು ಅವರ ಕೆಲಸವಲ್ಲ. ಆದರೆ ನನ್ನ ಕೆಲಸವಲ್ಲವೆಂದು ಬಾಯಿ ಮುಚ್ಚಿಕೊಳ್ಳುವುದು ತಪ್ಪು. ದಂತವೈದ್ಯರಿಗೆ ತೋರಿಸಿ ಎಂದು ಒತ್ತಿ ಹೇಳುವುದೇ ಅವರ ಧರ್ಮ. ಕಾನೂನು ಹಾಕಿದ ಗೆರೆ ಕೈಗೆ. ಕಣ್ಣಿಗೂ ಮಾತಿಗೂ ಅಲ್ಲ.

ಹಲ್ಲುಪುಡಿಯೂ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದುಂಟು. ಶುಚಿತ್ವದ ಹೆಸರಿನಲ್ಲಿ ತಂಬಾಕು ಬೆರೆಸಿದ ಹಲ್ಲುಪುಡಿ, ಪೇಸ್ಟ್‌ಗಳು ಮಾರಾಟವಾಗುತ್ತಿದ್ದಾಗ 1992ರಲ್ಲಿ ಕೇಂದ್ರ ಸರ್ಕಾರ ಅವನ್ನು ನಿಷೇಧಿಸಿತು. ತಯಾರಕರು ತಮ್ಮ ವ್ಯಾಪಾರದ ಹಕ್ಕಿಗೆ ಧಕ್ಕೆಯಾಯಿತೆಂದು ವಾದಿಸಿದರು. 1997ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನೇ ಎತ್ತಿಹಿಡಿಯಿತು.

ಇಂದು ಹತ್ತಿಮತ್ತೂರಿನವರಿಗೆ ದಾರಿ ಮೊದಲಿನಷ್ಟು ದೂರವಿಲ್ಲ. ಧಾರವಾಡದಲ್ಲಿ 1986ರಲ್ಲಿ ಎಸ್‌ಡಿಎಂ ದಂತವೈದ್ಯ ಕಾಲೇಜು ಆರಂಭವಾಯಿತು. ಹಳೆಯ ಕಾಯ್ದೆಯ ಜಾಗಕ್ಕೆ ಹೊಸ ವ್ಯವಸ್ಥೆ ತರಲು 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಆದರೆ ಕಾನೂನು ಕಾವಲು ಕಾಯುವುದು ಚಿಕಿತ್ಸಾಲಯದ ಬಾಗಿಲವರೆಗೆ. ಒಳಗೆ ಹೋದ ಮೇಲೆ ಕೇಳಬೇಕಾದವರು ನಾವೇ. ನಿಮ್ಮ ನೋಂದಣಿ ಸಂಖ್ಯೆ ಎಷ್ಟು? ಸಲಕರಣೆ ಶುದ್ಧವಾಗಿದೆಯೇ? ಏನು ಮಾಡುತ್ತೀರಿ, ಮಾಡದಿದ್ದರೆ ಏನಾಗುತ್ತದೆ? ಹೀಗೆ ಕೇಳಿದರೆ ಮರ್ಯಾದೆ ಕೆಡುತ್ತದೆ ಎಂಬ ಸಂಕೋಚ ನಮ್ಮ ಹಿರಿಯರಲ್ಲಿ ಬಹಳ. ಬಾಯಿ ತೆರೆದು ಕೂತ ಮೇಲೆ ಮಾತಾಡಲು ಆಗುವುದಿಲ್ಲ. ಕೇಳುವುದನ್ನು ಅದಕ್ಕೂ ಮೊದಲೇ ಕೇಳಬೇಕು.