ಬಹುಮಾನ ಬಂದ ಪ್ರಬಂಧ

ಊರಿನ ಚರಿತ್ರೆ ಬರೆಯುವವರು ಕೋಟೆ, ದೇವಸ್ಥಾನ, ವೀರಗಲ್ಲುಗಳನ್ನು ಬಿಡುವುದಿಲ್ಲ. ಆದರೆ ಹೈಸ್ಕೂಲು ಮಕ್ಕಳ ಪ್ರಬಂಧ ಸ್ಪರ್ಧೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ದಾಖಲೆಗಳಿರುವುದು ನಮ್ಮಂಥ ಹೆಂಗಸರ ಟ್ರಂಕಿನ ತಳದಲ್ಲಿ, ಮಡಿಕೆ ಬಿದ್ದ ಪ್ರಶಸ್ತಿಪತ್ರವಾಗಿ. ಇಲ್ಲವೇ ಅಡಿಗೆಮನೆಯ ನಾಗಂದಿಗೆಯ ಮೇಲೆ, ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿಯಾಗಿ.

ಬರೆದವರಿಗೆ ಬಹುಮಾನ ಕೊಟ್ಟು ಕನ್ನಡ ಬೆಳೆಸುವ ಯೋಚನೆ ಹಳೆಯದು. 1890ರಲ್ಲಿ ರಾ.ಹ. ದೇಶಪಾಂಡೆಯವರು ಧಾರವಾಡದಲ್ಲಿ ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಕನ್ನಡ ಗ್ರಂಥಕರ್ತರಿಗೆ ಬಹುಮಾನ ಕೊಟ್ಟು ಬರೆಸಿತು. ಆದರೆ ಹೆಣ್ಣುಮಕ್ಕಳನ್ನು 'ನೀನೂ ಬರಿ' ಎಂದು ಕರೆಯುವವರು ಆಗ ಎಷ್ಟು ಜನ? ಆ ಕೆಲಸವನ್ನು ಹೆಂಗಸರೇ ಮಾಡಬೇಕಾಯಿತು. ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, ಮನೆಯಲ್ಲೇ ಓದು ಕಲಿತ ನಂಜನಗೂಡು ತಿರುಮಲಾಂಬಾ 1913ರಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆ ಆರಂಭಿಸಿದರು. 1917ರಲ್ಲಿ 'ಕರ್ನಾಟಕ ನಂದಿನಿ' ಪತ್ರಿಕೆ ತಂದರು. ಆರ್. ಕಲ್ಯಾಣಮ್ಮನವರು 1921ರಿಂದ 'ಸರಸ್ವತಿ' ಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. ಬೆಂಗಳೂರಿನಲ್ಲಿ 1938ರಲ್ಲಿ ಮಕ್ಕಳ ಕೂಟವನ್ನು ಕಟ್ಟಿದವರೂ ಅವರೇ. ನಮ್ಮ ಕೈಗೆ ಪೆನ್ನು ಬಂದದ್ದು ಇಂಥವರ ದಾರಿಯಲ್ಲಿ.

ಸಣ್ಣ ಊರಿನ ಸ್ಪರ್ಧೆಗಳ ವಿಷಯಗಳನ್ನು ಸಾಲಾಗಿ ಇಟ್ಟರೆ ಅದೇ ಒಂದು ನಾಡಿನ ಇತಿಹಾಸ. 1956ರ ನಂತರ ನವೆಂಬರ್ ಬಂತೆಂದರೆ ಏಕೀಕರಣ. 1969 ಗಾಂಧೀಜಿಯವರ ನೂರನೆಯ ವರ್ಷ; ಸತ್ಯ, ಅಹಿಂಸೆ, ಖಾದಿ. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು. 1975 ಅಂತರರಾಷ್ಟ್ರೀಯ ಮಹಿಳಾ ವರ್ಷ. 1982ರ ಗೋಕಾಕ್ ಚಳವಳಿಯ ಹೊತ್ತಿಗೆ ಮಾತೃಭಾಷೆಯಲ್ಲಿ ಶಿಕ್ಷಣ. ಇವೆಲ್ಲದರ ನಡುವೆ ವರ್ಷವರ್ಷವೂ ತಪ್ಪದೆ ಬರುತ್ತಿದ್ದ ವಿಷಯ ಒಂದಿತ್ತು, ನಿಮಗೂ ನೆನಪಿರಬಹುದು: 'ವರದಕ್ಷಿಣೆ ಒಂದು ಸಾಮಾಜಿಕ ಪಿಡುಗು'.

ಬರೆಯುವ ಕ್ರಮವನ್ನು ಮೇಷ್ಟರು ಬೋರ್ಡಿನ ಮೇಲೆ ಬರೆಸುತ್ತಿದ್ದರು: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಫುಲ್‌ಸ್ಕೇಪ್ ಹಾಳೆಗೆ ಎಡಗಡೆ ಅಂಚು ಬಿಡಬೇಕು. ನಡುವೆ ಒಂದಾದರೂ ಗಾದೆ, ಒಂದಾದರೂ ವಚನ ಬರಬೇಕು. ಕೊನೆಯಲ್ಲಿ ಯುವಜನಾಂಗ ಎಚ್ಚೆತ್ತುಕೊಳ್ಳಲೇಬೇಕು. ಭಾಷಣದಲ್ಲಿ ಗಂಡುಹುಡುಗರದ್ದು ಜೋರಾದರೆ, ನಮ್ಮೂರಲ್ಲಿ ಪ್ರಬಂಧದ ಬಹುಮಾನ ಹೆಚ್ಚಾಗಿ ಹುಡುಗಿಯರಿಗೇ. ಎದ್ದು ನಿಂತು ಹೇಳಲಾಗದ್ದನ್ನು ಕೂತು ಬರೆಯಬಹುದಿತ್ತಲ್ಲ!

ನಮ್ಮ ದೊಡ್ಡಮ್ಮನ ಮಗಳು ಅಕ್ಕ ಹತ್ತನೆಯ ತರಗತಿಯಲ್ಲಿ ಈ ವರದಕ್ಷಿಣೆಯ ಪ್ರಬಂಧಕ್ಕೇ ತಾಲ್ಲೂಕಿಗೆ ಮೊದಲ ಬಹುಮಾನ ತಂದಳು. 1961ರಲ್ಲೇ ವರದಕ್ಷಿಣೆ ನಿಷೇಧ ಕಾಯಿದೆ ಬಂದಿದೆ, ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು ಎಂದು ಇಸವಿ ಸಮೇತ ಬರೆದಿದ್ದಳು. ದೊಡ್ಡಪ್ಪ ಹೆಮ್ಮೆಯಿಂದ ಪ್ರಶಸ್ತಿಪತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ನಾಲ್ಕು ವರ್ಷದ ಮೇಲೆ ಅದೇ ಗೋಡೆಯ ಕೆಳಗೆ ಜಮಖಾನ ಹಾಸಿ ಅವಳ ಮದುವೆಯ ಮಾತುಕತೆ ನಡೆಯಿತು. ವರದಕ್ಷಿಣೆ ಎಂಬ ಶಬ್ದ ಯಾರ ಬಾಯಲ್ಲೂ ಬರಲಿಲ್ಲ, ವರೋಪಚಾರ ಎಂದರು. ಹುಡುಗನ ಸೋದರಮಾವ ತಲೆಯೆತ್ತಿ ಕಟ್ಟಿನ ಒಳಗಿದ್ದುದನ್ನು ಪೂರ್ತಿ ಓದಿ, "ಹುಡುಗಿ ಚುರುಕು ಅನ್ನಿ" ಎಂದು ಮೆಚ್ಚಿದರು. ಅಕ್ಕ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ಅವಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಬಹುಮಾನ ಕೊಟ್ಟಾಗಲೇ ಕೇಳಿ ಮುಗಿದಿತ್ತಲ್ಲ.

ಹಾಗಾದರೆ ಆ ಸ್ಪರ್ಧೆ ಬರೀ ಶೋಭೆಗೇ? ನಾನು ಹಾಗೆನ್ನಲಾರೆ. ಇಪ್ಪತ್ತು ವರ್ಷ ಕಳೆದು ಮಗಳಿಗೆ ಸಂಬಂಧ ಕೂಡಿಬಂದಾಗ ಅಕ್ಕ ಯಾರನ್ನೂ ಮಧ್ಯೆ ಬಿಡದೆ ತಾನೇ ಬೀಗರಿಗೆ ಕಾಗದ ಬರೆದಳು. ಕೊಡುವುದಿಲ್ಲ, ಕೇಳಬೇಡಿ, ಮದುವೆಯ ಖರ್ಚು ಅರ್ಧರ್ಧ. ಅಂಚು ಬಿಟ್ಟು, ದುಂಡಗೆ ಬರೆದ ಒಂದು ಹಾಳೆ. "ಈ ಸಲ ಪೀಠಿಕೆ ಹಾಕಲಿಲ್ಲ ಕಣೇ" ಎಂದು ನಕ್ಕಳು. ಆ ಸಂಬಂಧ ತಪ್ಪಿಹೋಯಿತು. ಮುಂದಿನದಕ್ಕೂ ಅದೇ ಕಾಗದ ಹೋಯಿತು. ಆ ಮನೆಯವರು ಒಪ್ಪಿದರು.

ಈಗ ಸರಕಾರದ ಪ್ರತಿಭಾ ಕಾರಂಜಿಯಿದೆ. ಪ್ರಬಂಧಕ್ಕೆ ಬೇಕಾದ ಮಾಹಿತಿ ಅಂಗೈಯ ಫೋನಿನಲ್ಲೇ ಸಿಗುತ್ತದೆ. ನಮ್ಮೂರ ಮಹಿಳಾ ಸಮಾಜದ ಸ್ಪರ್ಧೆಗೆ ತೀರ್ಪು ಕೊಡಲು ನನ್ನನ್ನೂ ಕರೆಯುತ್ತಾರೆ. ಬಾಯಿಪಾಠದ ಪ್ರಬಂಧಗಳು ನಮ್ಮ ಕಾಲದಷ್ಟೇ ಬರುತ್ತವೆ. ಅದಕ್ಕೇ ಕಳೆದ ಸಲ ವಿಷಯವನ್ನು ಸ್ಥಳದಲ್ಲೇ ಕೊಟ್ಟೆವು: 'ನಮ್ಮ ಮನೆಯಲ್ಲಿ ಯಾರ ಮಾತು ನಡೆಯುತ್ತದೆ?' ಮಕ್ಕಳು ಪೆನ್ನು ಕಚ್ಚಿಕೊಂಡು ಹತ್ತು ನಿಮಿಷ ಸುಮ್ಮನೆ ಕೂತರು. ಆಮೇಲೆ ಬರೆದದ್ದರಲ್ಲಿ ಗಾದೆಯೂ ಇರಲಿಲ್ಲ, ವಚನವೂ ಇರಲಿಲ್ಲ. ಒಬ್ಬಳು ಬರೆದಿದ್ದಳು: ಅಮ್ಮನ ಮಾತು ನಡೆಯುತ್ತದೆ, ಆದರೆ ಅಪ್ಪನ ಬಾಯಿಂದ ಬಂದ ಮೇಲೆ. ನಾವು ಮೂವರು ತೀರ್ಪುಗಾರ್ತಿಯರೂ ಚರ್ಚೆಯಿಲ್ಲದೆ ಅವಳಿಗೆ ಮೊದಲ ಬಹುಮಾನ ಬರೆದೆವು.

ನಿಮ್ಮ ಮನೆಯ ಮಗು ಪ್ರಬಂಧಕ್ಕೆ ಬಹುಮಾನ ತಂದರೆ ಕಪ್ಪನ್ನೂ ಡಬ್ಬಿಯನ್ನೂ ಆಮೇಲೆ ನೋಡಿ. ಸಾರಿಗೆ ಒಗ್ಗರಣೆ ಹಾಕಿದ ಮೇಲೆ ಒಂದು ಗಳಿಗೆ ಕೂತು, "ಏನು ಬರೆದೆ, ಓದು" ಎನ್ನಿ. ಮನೆಯ ಗಂಡಸರನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ.