ಮಿದುಳಿನಲ್ಲಿ ಮಾತಿನ ದಾರಿ

ಮಾತು ಮಿದುಳಿನ ಯಾವ ಎಡೆಯಲ್ಲಿ ಹುಟ್ಟುವುದೆಂಬ ವಿಚಾರವು ಶಾಸ್ತ್ರದ ಪರೀಕ್ಷೆಗೆ ಒಳಪಟ್ಟುದು ಮಾತನ್ನು ಕಳೆದುಕೊಂಡ ರೋಗಿಯೊಬ್ಬನ ದೆಸೆಯಿಂದ. ಪ್ಯಾರಿಸಿನ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ 21 ವರ್ಷಗಳನ್ನು ಕಳೆದ ಲೆಬೋರ್ನ್ ಎಂಬವನು ಪರರ ನುಡಿಯನ್ನು ಬಹುಮಟ್ಟಿಗೆ ಗ್ರಹಿಸುತ್ತಿದ್ದನು. ಆದರೆ ಏನು ಕೇಳಿದರೂ ಸಾಮಾನ್ಯವಾಗಿ ‘ತಾಂ’ ಎಂಬುದೊಂದೇ ಅವನ ಪ್ರತ್ಯುತ್ತರವಾಗಿತ್ತು. 1861ನೆಯ ಏಪ್ರಿಲ್ 17ರಂದು ಅವನು ತೀರಿಕೊಳ್ಳಲು, ಶಸ್ತ್ರವೈದ್ಯನಾದ ಪಾಲ್ ಬ್ರೋಕಾನು ಅವನ ಮಿದುಳನ್ನು ಪರೀಕ್ಷಿಸಿ, ಮುಂಭಾಗದಲ್ಲಿ ಕ್ಷತವನ್ನು ಕಂಡು, ನುಡಿಯುವ ಶಕ್ತಿಗೆ ಅದೇ ನೆಲೆಯೆಂದು ಪ್ರತಿಪಾದಿಸಿದನು. ಆ ಮಿದುಳನ್ನು ಸೀಳದೆ, ಇದ್ದಂತೆಯೇ ಕಾಪಿಡಲಾಯಿತು.

1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆಯು ಇದಕ್ಕೆ ವಿಪರೀತವಾದ ರೋಗವನ್ನು ವರ್ಣಿಸಿದನು. ಈ ರೋಗಿಗಳ ಮಾತು ಸರಾಗವಾಗಿ ಹರಿಯುವುದು. ಆದರೆ ಅದರಲ್ಲಿ ಅರ್ಥವು ಕೂಡದು, ಪರರು ಹೇಳಿದುದೂ ತಿಳಿಯದು. ಕೇಳುವ ನೆಲೆಯನ್ನೂ ನುಡಿಯುವ ನೆಲೆಯನ್ನೂ ನರತಂತುಗಳ ದಾರಿಯೊಂದು ಕೂಡಿಸುವುದೆಂದೂ, ಆ ದಾರಿ ಮಾತ್ರ ಕಡಿದರೆ ಗ್ರಹಿಕೆಯು ಉಳಿದು, ಆಡುವ ಪದಗಳು ತಪ್ಪುವುವೆಂದೂ ಅವನು ತರ್ಕದಿಂದಲೇ ಊಹಿಸಿದನು. 1885ರಲ್ಲಿ ಲಿಖ್ಟ್‌ಹೈಮನು ಈ ನೆಲೆಗಳನ್ನೂ ದಾರಿಗಳನ್ನೂ ರೇಖಾಚಿತ್ರವಾಗಿ ಬರೆದನು. ಯಾವ ಗೆರೆ ಕಡಿದರೆ ಯಾವ ತಪ್ಪು ತೋರುವುದೆಂಬುದನ್ನು ಆ ಚಿತ್ರವೇ ಹೇಳುತ್ತಿತ್ತು.

ರೇಖೆಯ ಜೊತೆಗೆ ಗಣಿತವು ಕೂಡಿದುದು 1943ರಲ್ಲಿ. ಅಮೆರಿಕದ ಮೆಕಲಕ್ ಮತ್ತು ಪಿಟ್ಸ್ ಎಂಬವರು ನರಕೋಶವನ್ನು, ಬಂದ ಸಂಜ್ಞೆಗಳು ಒಂದು ಮಿತಿಯನ್ನು ಮುಟ್ಟಿದಾಗ ಮಾತ್ರ ತಾನೂ ಸಂಜ್ಞೆ ಕೊಡುವ ಘಟಕವೆಂದು ಭಾವಿಸಿದರು. ಇದೇ ಜಾಡಿನಲ್ಲಿ ನಡೆದ ರೂಮೆಲ್‌ಹಾರ್ಟ್ ಮತ್ತು ಮೆಕ್ಲೆಲೆಂಡ್, 1986ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಘಟಕಗಳ ಬಲೆಯೊಂದನ್ನು ಗಣಕಯಂತ್ರದಲ್ಲಿ ರಚಿಸಿ, ಇಂಗ್ಲಿಷಿನ 420 ಧಾತುಗಳ ಭೂತಕಾಲರೂಪಗಳನ್ನು ಅದಕ್ಕೆ ಕಲಿಸಿದರು. ವ್ಯಾಕರಣಸೂತ್ರವೊಂದನ್ನೂ ಹೇಳಿಕೊಡಲಿಲ್ಲ, ತಪ್ಪಿದಾಗಲೆಲ್ಲ ಘಟಕಗಳ ನಡುವಣ ಬಂಧಗಳ ಬಲವನ್ನು ಹೆಚ್ಚುಕಡಮೆ ಮಾಡಿದರು, ಅಷ್ಟೆ. ಆದರೂ ‘ಕೇಮ್’ ಎನ್ನುವಲ್ಲಿ ‘ಕಮ್ಡ್’ ಎನ್ನುವ ಮಕ್ಕಳಂತೆ ಅದೂ ನಡುವೆ ತಪ್ಪಿ, ಬಳಿಕ ಸರಿಹೋಯಿತು. 1988ರಲ್ಲಿ ಪಿಂಕರ್ ಮತ್ತು ಪ್ರಿನ್ಸ್ ಇದನ್ನು ಆಕ್ಷೇಪಿಸಿದರು. ಮಕ್ಕಳಂತಹ ಆ ತಪ್ಪು ಧಾತುಗಳನ್ನು ಒದಗಿಸಿದ ಅನುಕ್ರಮದ ಫಲವೆಂದರು. ಅಲ್ಲದೆ, ಆ ಬಲೆಯು ‘ಮೇಲ್’ ಎಂಬ ಧಾತುವಿಗೆ ‘ಮೆಂಬಲ್ಡ್’ ಎಂಬ ರೂಪವನ್ನು ಕೊಟ್ಟಿತ್ತು. ಕೂಸುಗಳು ಹಾಗೆ ತೊದಲುವುದಿಲ್ಲ.

ಸರಿಯಾದ ಉತ್ತರವನ್ನು ಕೊಡುವುದಷ್ಟೇ ಇಂಥ ಮಾದರಿಗೆ ಸಾಲದು. ಮನುಷ್ಯನು ತಪ್ಪುವಲ್ಲಿ, ತಪ್ಪುವ ಬಗೆಯಲ್ಲಿಯೇ ಅದೂ ತಪ್ಪಬೇಕು. ವೆರ್ನಿಕೆಯ ಕಾಲದಿಂದ ಇಂದಿನವರೆಗೆ ಈ ಒರೆಗಲ್ಲು ಬದಲಾಗಿಲ್ಲ. ಅದು ಬ್ರೋಕಾನ ಮತಕ್ಕೂ ತಗುಲಿತು. ಕಾಪಿಟ್ಟಿದ್ದ ಲೆಬೋರ್ನನ ಮಿದುಳನ್ನು ಡ್ರಾಂಕರ್ಸ್ ಮೊದಲಾದ ಸಂಶೋಧಕರು ಅಯಸ್ಕಾಂತದ ನೆರವಿನಿಂದ ಒಳಚಿತ್ರ ತೆಗೆಯುವ ಯಂತ್ರದಲ್ಲಿಟ್ಟು ನೋಡಿ, 2007ರಲ್ಲಿ ಫಲವನ್ನು ಪ್ರಕಟಿಸಿದರು. ಕ್ಷತವು ಮೇಲ್ಮೈಯನ್ನು ಮೀರಿ, ಆಳದ ನರತಂತುಗಳವರೆಗೂ ಹಬ್ಬಿತ್ತು. ಆ ಬಡರೋಗಿಯಲ್ಲಿ ಕೆಟ್ಟಿದ್ದುದು ನೆಲೆಯೊಂದೇ ಅಲ್ಲ, ದಾರಿಯೂ ಕೆಟ್ಟಿತ್ತು. ಅಂದು ಆ ಮಿದುಳನ್ನು ಸೀಳಿದ್ದರೆ, ಬ್ರೋಕಾನ ಮತವನ್ನು ತಿದ್ದುವ ಈ ಸಾಕ್ಷ್ಯವು ಉಳಿಯುತ್ತಿರಲಿಲ್ಲ.